ಉದ್ದ ಗಣಿತ

ಹರ್ಮಾಸಾರಿ ದ್ವೀಪದಲ್ಲಿ ವರ್ಷಕ್ಕೆರಡು ಸಲ ದೋಣಿಗೂ ಅಲ್ಲದ, ಗಾಡಿಗೂ ಅಲ್ಲದ ಕಾಲವೊಂದು ಬರುತ್ತಿತ್ತು. ಚಳಿಗಾಲ ಹೊಸ್ತಿಲು ದಾಟುವಾಗ ಒಮ್ಮೆ, ಅದು ಎದ್ದು ಹೊರಡುವಾಗ ಇನ್ನೊಮ್ಮೆ. ಸರೋವರದ ಮೇಲೆ ಮಂಜುಗಡ್ಡೆ ಕಟ್ಟತೊಡಗಿದರೆ ಲಾಂಚು ನಿಲ್ಲುತ್ತದೆ. ಆ ಗಡ್ಡೆ ಮೊದಲು ಮನುಷ್ಯನನ್ನು, ಆಮೇಲೆ ಕಾರನ್ನು ಹೊರುವಷ್ಟು ದಪ್ಪವಾಗುವ ತನಕ ದ್ವೀಪದವರು ದ್ವೀಪದಲ್ಲೇ. ಹಿಟ್ಟು, ಸಕ್ಕರೆ, ಕಾಫಿಪುಡಿ ಎಲ್ಲ ಮೊದಲೇ ತಂದಿಟ್ಟುಕೊಂಡು, ಮಾರಲಾಗದ ಹಾಲನ್ನು ಬೆಣ್ಣೆ ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕು. ಕೆಲವರು ಬಲೆ ಹೆಣೆಯುತ್ತಿದ್ದರು, ಕೆಲವರು ನಿದ್ದೆ ಹೊಡೆಯುತ್ತಿದ್ದರು. ಆ ವರ್ಷ ಹಿಲ್ಕಾ ಕಲನಶಾಸ್ತ್ರ ಕಲಿಯಲು ಕೂತಳು.

ಹಿಲ್ಕಾಳಿಗೆ ನಲವತ್ತು ದಾಟಿತ್ತು. ಆಚೆದಡದ ಪೇಟೆಯಲ್ಲಿ ಹುಡುಗಿಯಾಗಿದ್ದಾಗ ಹಿರಿಯ ಶಾಲೆಗೆ ಸೇರಿದ್ದಳು. ಅಪ್ಪ ಹಾಸಿಗೆ ಹಿಡಿದ ವರ್ಷ ನಡುವೆಯೇ ಬಿಟ್ಟು ಡೇರಿಯ ಕೆಲಸಕ್ಕೆ ಹೋದಳು. ಆಮೇಲೆ ತೌನೋನನ್ನು ಮದುವೆಯಾಗಿ ದ್ವೀಪಕ್ಕೆ ಬಂದಳು. ಹಸುಗಳು, ಆಲೂಗೆಡ್ಡೆ ಹೊಲ, ಅತ್ತೆ ಲೆಂಪಿ. ಮನೆ ಒಂದು ಹದಕ್ಕೆ ಬಂದ ಮೇಲೆ ಅವಳು ಪೇಟೆಯ ಸಂಜೆ ಶಾಲೆಗೆ ಹೆಸರು ಬರೆಸಿದಳು. ಭಾಷೆಯ ಪರೀಕ್ಷೆಗಳು ಒಂದೊಂದಾಗಿ ಮುಗಿದವು. ಉಳಿದದ್ದು ಗಣಿತ. ಅದು ಮುಗಿದರೆ, ಆ ದೇಶದಲ್ಲಿ ಶಾಲೆ ಮುಗಿಸಿದವರೆಲ್ಲ ಹಾಕಿಕೊಳ್ಳುವ ಬಿಳಿ ಟೋಪಿ ಅವಳ ತಲೆಗೂ ಬರುತ್ತಿತ್ತು.

ಆ ಪರೀಕ್ಷೆಯಲ್ಲಿ ಗಣಿತ ಎರಡು ಬಗೆ: ಗಿಡ್ಡದ್ದು ಒಂದು, ಉದ್ದದ್ದು ಒಂದು. ಗಿಡ್ಡದ್ದನ್ನು ಆರಿಸಿಕೊಂಡಿದ್ದರೆ ಕೆಲಸ ಎಂದೋ ಆಗಿಬಿಡುತ್ತಿತ್ತು. ಎಲ್ಲರೂ ಅದನ್ನೇ ಹೇಳಿದರು. ಆದರೆ ಹುಡುಗಿಯಾಗಿದ್ದಾಗ ಅವಳು ಅರ್ಧಕ್ಕೆ ಬಿಟ್ಟದ್ದು ಉದ್ದದ್ದನ್ನು. ಕಲನದ ಪಾಠ ಶುರುವಾಗಬೇಕಿದ್ದ ವಾರವೇ ಚೀಲ ಮಡಚಿ ಮನೆಗೆ ಹೋಗಿದ್ದಳು. ಬಿಟ್ಟಲ್ಲಿಂದಲೇ ಹಿಡಿಯಬೇಕು ಎಂಬುದು ಅವಳ ಹಟ.

ಹಟವೇನೋ ಸರಿ. ಆದರೆ ಸಂಜೆ ಶಾಲೆಯಲ್ಲಿ ಕಲನದ ಪಾಠಗಳು ಬರುತ್ತಿದ್ದದ್ದು ಸರಿಯಾಗಿ ಗಡ್ಡೆ ಒಡೆಯುವ ವಾರಗಳಲ್ಲಿ. ಪೇಟೆಯವರು ಪಾಠ ಕೇಳುವಾಗ ಅವಳು ಈಚೆದಡದಲ್ಲಿ ನಿಂತು ಕಪ್ಪಾಗುತ್ತಿದ್ದ ಸರೋವರ ನೋಡುತ್ತಿದ್ದಳು. ಹಿಂದಿನ ಶರತ್ಕಾಲದ ಪರೀಕ್ಷೆಯಲ್ಲಿ ಕಲನದ ಪ್ರಶ್ನೆಗಳ ಜಾಗವನ್ನೆಲ್ಲ ಖಾಲಿ ಬಿಟ್ಟು ಬಂದು ನಪಾಸಾದಳು. ಇನ್ನುಳಿದದ್ದು ಮಾರ್ಚ್ ತಿಂಗಳ ಪರೀಕ್ಷೆ ಮಾತ್ರ. ಅದೂ ಹೋದರೆ ಪಾಸಾದ ಭಾಷೆಗಳ ಗಡುವೂ ಮುಗಿದು ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಇನ್ನೊಮ್ಮೆ ಮೊದಲಿನಿಂದ ಶುರುಮಾಡುವ ಶಕ್ತಿ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಲಾಂಚಿನ ಕೊನೆಯ ವಾರ ಸಂಜೆ ಶಾಲೆಯ ತೋಯ್ವಾನೆನ್ ಮೇಷ್ಟ್ರು ಅವಳ ಕೈಗೆ ಹಸಿರು ರಟ್ಟಿನ ತೆಳ್ಳನೆಯ ಕೈಪಿಡಿಯೊಂದನ್ನು ಕೊಟ್ಟರು.

"ಶಾಲೆ ಪುಸ್ತಕ ಮುಚ್ಚಿಡಿ ಹಿಲ್ಕಾ. ಅದು ಮೇಷ್ಟ್ರು ಪಕ್ಕದಲ್ಲಿ ಇದ್ದಾರೆ ಅಂತ ನಂಬ್ಕೊಂಡು ಬರೆದದ್ದು. ಇದು ಯಾರೂ ಇಲ್ಲದವರಿಗೆ."

ಕೈಪಿಡಿಯ ಮೊದಲ ಪುಟದಲ್ಲೇ ಬರೆದಿತ್ತು: ನಿಮಗೆ ಕೂಡುವುದು, ಕಳೆಯುವುದು, ಭಾಗಿಸುವುದು ಗೊತ್ತಿದ್ದರೆ ಸಾಕು. ಯಾವುದಾದರೂ ಪುಟ ಅರ್ಥವಾಗದಿದ್ದರೆ ತಪ್ಪು ನನ್ನದು. ಎದ್ದು ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ, ಬೇರೆ ದಾರಿಯಲ್ಲಿ ಹೇಳಿಕೊಡುತ್ತೇನೆ.

ಹಿಲ್ಕಾ ಅದನ್ನು ಅಕ್ಷರಶಃ ಪಾಲಿಸಿದಳು. ಬೆಳಗಿನ ಹಾಲು ಕರೆದು ಮುಗಿದ ಮೇಲೆ ಅಡುಗೆಮನೆಯ ಕಿಟಕಿಯ ಹತ್ತಿರ ಕೂರುವಳು, ಅರ್ಥವಾಗದಿದ್ದಾಗ ಏಳುವಳು, ಕಾಫಿ ಬಗ್ಗಿಸಿಕೊಳ್ಳುವಳು, ಮತ್ತೆ ಕೂರುವಳು.

"ಈ ಪುಸ್ತಕ ಬರೆದೋನು ಕಾಫಿಪುಡಿ ಮಾರೋನೇ ಇರ್ಬೇಕು," ಎಂದಳು ಲೆಂಪಿ, ಒಲೆಯ ಪಕ್ಕ ಕಾಲುಚೀಲ ಹೆಣೆಯುತ್ತ. "ಐಸಿನ ದಾರಿ ತೆರೆಯೋ ಹೊತ್ತಿಗೆ ಡಬ್ಬ ಖಾಲಿ. ಆಗ ಏನ್ ಮಾಡ್ತೀಯ?"

"ಆಗ ಎಲ್ಲ ಅರ್ಥವಾಗಿರುತ್ತೆ ಅತ್ತೆ."

"ಆಗದಿದ್ರೆ?"

"ಬಿಸಿನೀರು ಕುಡೀತೀನಿ."

ಲೆಂಪಿ ಸೊಸೆಯ ಓದನ್ನು ಹೀಗೆ ಹಂಗಿಸುತ್ತಿದ್ದದ್ದು ಮನೆಯೊಳಗೆ ಮಾತ್ರ. ಹೊರಗೆ ಅವಳ ಬಾಯಿ ಹಿಡಿಯುವವರಿರಲಿಲ್ಲ. ಆ ಸೀಮೆಯ ಜನ ತಮ್ಮವರನ್ನು ಹೊಗಳುವುದಿಲ್ಲ. ಮನೆಯಲ್ಲಿ ಏನು ಒಳ್ಳೆಯದಾದರೂ 'ಪರವಾಗಿಲ್ಲ' ಎನ್ನುವುದರ ಆಚೆ ಹೋಗುವುದಿಲ್ಲ. ಲೆಂಪಿಗೆ ಆ ರೋಗ ತಗಲಿರಲಿಲ್ಲ. ಫೋನೆತ್ತಿ ಆಚೆದಡದ ತಂಗಿಗೆ, ಲಾಂಚಿನಲ್ಲಿ ಸಿಕ್ಕವರಿಗೆ, ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿಗೆ, ಎಲ್ಲರಿಗೂ "ನಮ್ಮ ಹಿಲ್ಕಾ ಉದ್ದದ್ದು ಮಾಡ್ತಿದಾಳೆ, ಗಿಡ್ಡದ್ದಲ್ಲ" ಎಂದು ಹೇಳಿ ಮುಗಿಸಿದ್ದಳು. ಉದ್ದದ್ದು ಎಂದರೇನೆಂದು ಯಾರಾದರೂ ಕೇಳಿದರೆ, "ಹಾಳೆ ಜಾಸ್ತಿ ಬೇಕಾಗುತ್ತೆ" ಎನ್ನುವಳು. ಹೀಗಾಗಿ ಹಿಲ್ಕಾ ನಪಾಸಾದದ್ದೂ ಇಡೀ ದ್ವೀಪಕ್ಕೆ ಗೊತ್ತಿತ್ತು. ಪಾಸಾಗುವಳೋ ಇಲ್ಲವೋ ಎಂದು ಈಗ ಇಡೀ ದ್ವೀಪ ಕಾಯುತ್ತಿತ್ತು.

ಕೈಪಿಡಿಯ ಒಂದು ಪುಟದಲ್ಲಿ ಅವಳು ಸಿಕ್ಕಿಬಿದ್ದಳು. ಓಡುವ ಕಾರಿಗೆ ಒಂದು ಕ್ಷಣದಲ್ಲಿ ಎಷ್ಟು ವೇಗ ಎಂದು ಆ ಪುಟ ಕೇಳುತ್ತಿತ್ತು. ಕ್ಷಣದಲ್ಲಿ ಕಾರು ಎಲ್ಲಿಗೂ ಹೋಗುವುದಿಲ್ಲ, ಆದರೂ ಅದಕ್ಕೆ ವೇಗವಿದೆ ಎನ್ನುತ್ತಿತ್ತು. ಎಲ್ಲಿಗೂ ಹೋಗದ್ದಕ್ಕೆ ವೇಗವೆಲ್ಲಿಂದ? ಹಿಲ್ಕಾ ಎದ್ದು ಕಾಫಿ ಕುಡಿದಳು. ಬಂದು ಓದಿದಳು. ಮತ್ತೆ ಎದ್ದಳು. ಕಾಫಿ ಹೊಟ್ಟೆಯಲ್ಲಿ ಕುಲುಕಾಡುವಷ್ಟಾದರೂ ಕಾರು ನಿಂತಲ್ಲೇ ನಿಂತಿತ್ತು.

ಆಗ ತೌನೋ ಒಳಗೆ ಬಂದ. ದ್ವೀಪದಿಂದ ಆಚೆದಡಕ್ಕೆ ಮಂಜುಗಡ್ಡೆಯ ಮೇಲೆ ದಾರಿ ಗುರುತಿಸುವ ಕೆಲಸ ಅವನದು. ದಿನಾ ಬೆಳಿಗ್ಗೆ ಗಡ್ಡೆಯಲ್ಲಿ ತೂತು ಕೊರೆದು, ತುದಿಗೆ ಕೊಕ್ಕೆಯಿರುವ ಕೋಲಿನಿಂದ ದಪ್ಪ ಅಳೆದು, ಅದನ್ನು ದೋಣಿಮನೆಯ ಬಾಗಿಲ ಹಲಗೆಯ ಮೇಲೆ ಬಡಗಿಯ ಪೆನ್ಸಿಲಿನಲ್ಲಿ ಬರೆಯುವನು. ಅವನ ಅಪ್ಪ ಬರೆದದ್ದೂ ಅದೇ ಬಾಗಿಲ ಮೇಲಿತ್ತು.

"ಎಷ್ಟಾಯ್ತು?" ಎಂದಳು ಹಿಲ್ಕಾ, ತಲೆಯೆತ್ತದೆ.

"ನಿನ್ನೆಗಿಂತ ಒಂದು ಬೆರಳು."

"ಮೊನ್ನೆಯಿಂದ ನಿನ್ನೆಗೆ?"

"ಅದಕ್ಕಿಂತ ಚೂರು ಜಾಸ್ತಿ. ಮೊದ್ಲು ಜೋರಾಗಿ ಕಟ್ಟುತ್ತೆ, ಆಮೇಲೆ ನಿಧಾನ. ನೀರಿಗೆ ಐಸೇ ಕಂಬಳಿ ಅಲ್ವಾ? ಕಂಬಳಿ ದಪ್ಪ ಆದಷ್ಟೂ ಚಳಿ ಕೆಳಗೆ ಇಳಿಯೋದು ತಡ."

ಹಿಲ್ಕಾ ಈಗ ತಲೆಯೆತ್ತಿದಳು. "ಈಗ ಎಷ್ಟು ಜೋರಾಗಿ ಕಟ್ತಾ ಇದೆ?"

"ಹೇಳಿದ್ನಲ್ಲ, ನಿನ್ನೆಯಿಂದ..."

"ನಿನ್ನೆ ಬೇಡ. ಈಗ. ನೀನು ಬೂಟು ಬಿಚ್ತಾ ಇರೋ ಈ ಹೊತ್ತಲ್ಲಿ."

ತೌನೋ ಅರ್ಧ ಬಿಚ್ಚಿದ ಬೂಟನ್ನು ಹಿಡಿದು ನಿಂತ. ಅವನು ಯೋಚಿಸದೆ ಮಾತಾಡುವವನಲ್ಲ. "ಹೋಗಿ ಇನ್ನೊಂದ್ಸಲ ಅಳೆದು ಬರ್ಲಾ?"

"ಬಾ."

ಮಧ್ಯಾಹ್ನ ಅಳೆದು ಬಂದ. ಹಸುಗಳಿಗೆ ಹುಲ್ಲು ಹಾಕಿ ಆದ ಮೇಲೆ ಅವಳು ಮತ್ತೆ ಕಳಿಸಿದಳು. ಅಲ್ಲಿಂದ ಬಂದು ಕೈ ಕಾಯಿಸಿಕೊಳ್ಳುತ್ತಿದ್ದವನನ್ನು, ಆಲೂಗೆಡ್ಡೆ ಬೇಯುವುದರೊಳಗೆ ಇನ್ನೊಮ್ಮೆ ಕಳಿಸಿದಳು.

"ಅವನನ್ನ ಸಾಯಿಸ್ತೀಯ ಇವತ್ತು," ಎಂದಳು ಲೆಂಪಿ. "ಐಸು ಎಲ್ಲಿಗೂ ಓಡಿಹೋಗಲ್ಲ ಕಣೆ."

ತೌನೋ ಮೀಸೆಯ ಮೇಲೆ ಹಿಮ ಹೊತ್ತು ಬಂದ. "ಅಷ್ಟೇ ಇದೆ. ಕೋಲಿಗೆ ಏನೂ ಕಾಣಲ್ಲ."

"ಹಾಗಾದ್ರೆ ಬೆಳೆಯೋದು ನಿಂತೇ ಹೋಯ್ತಾ?"

"ಯಾಕ್ ನಿಲ್ಲುತ್ತೆ, ಇಂಥಾ ಚಳೀಲಿ? ಕಟ್ತಾನೇ ಇದೆ. ನನ್ನ ಕೋಲು ಒರಟು, ಅಷ್ಟೇ."

ಹಿಲ್ಕಾ ಹಾಗೇ ಕೂತಳು. ದಿನಕ್ಕೆ ಒಂದು ಬೆರಳು. ಅರ್ಧ ದಿನಕ್ಕೆ ಅರ್ಧ ಬೆರಳಿನಷ್ಟು. ಆಲೂಗೆಡ್ಡೆ ಬೇಯುವಷ್ಟು ಹೊತ್ತಿಗೆ ಕೂದಲೆಳೆ. ಹೊತ್ತು ಕಿರಿದಾದಷ್ಟೂ ಬೆಳೆದದ್ದೂ ಕಿರಿದಾಗುತ್ತ ಹೋಗಿ, ಕೊನೆಗೆ ಎರಡೂ ಕೈಗೆ ಸಿಗದಂತೆ ಕರಗುತ್ತವೆ. ಆದರೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವುದು ಕರಗುವುದಿಲ್ಲ. ಅದು ಒಂದು ಬೆಲೆಯ ಹತ್ತಿರ ಹತ್ತಿರ ಬಂದು ನೆಲೆಯಾಗುತ್ತದೆ. ಬೂಟು ಬಿಚ್ಚುವ ಹೊತ್ತಿಗೂ ಐಸಿಗೆ ಒಂದು ವೇಗವಿದೆ, ಕೋಲಿಗೆ ಕಾಣದಿದ್ದರೇನಂತೆ. ಅವಳು ಬ್ರೆಡ್ಡು ಸುತ್ತಿಟ್ಟಿದ್ದ ಕಂದು ಕಾಗದ ಬಿಡಿಸಿ, ಬಾಗಿಲ ಹಲಗೆಯ ಅಳತೆಗಳನ್ನು ಚುಕ್ಕಿಯಿಟ್ಟು, ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದಳು. ಮೊದಲು ಕಡಿದಾಗಿ ಏರಿ, ಆಮೇಲೆ ಮೆತ್ತಗೆ ಬಾಗುವ ಗೆರೆ. ಅದರ ಒಂದು ಚುಕ್ಕಿಗೆ ತಾಗಿಸಿ ಅಳತೆಪಟ್ಟಿ ಇಟ್ಟಳು. ಪಟ್ಟಿ ಎಷ್ಟು ವಾಲಿದೆಯೋ ಅಷ್ಟೇ ಆ ಹೊತ್ತಿನ ವೇಗ.

"ಬೆಂದಿದೆ, ಬನ್ನಿ," ಎಂದಳು ಲೆಂಪಿ.

"ಒಂದು ನಿಮಿಷ ಅತ್ತೆ."

ಸೊಸೆಯ ಮುಖ ನೋಡಿ ಲೆಂಪಿ ಪಾತ್ರೆಯನ್ನು ಮತ್ತೆ ಒಲೆಯ ಅಂಚಿಗೆ ಸರಿಸಿದಳು. ಆ ಮನೆಯಲ್ಲಿ ಊಟ ಯಾರಿಗಾಗಿಯೂ ಕಾದದ್ದಿರಲಿಲ್ಲ. ಊಟದ ಹೊತ್ತಿಗೆ ಅಂಗಳದ ಕಂಬದ ಮೇಲಿನ ಗಂಟೆ ಬಾರಿಸುವುದು ಲೆಂಪಿಯ ಹಕ್ಕು. ಹೊಲದ ಯಾವ ಮೂಲೆಯಲ್ಲಿದ್ದವರೂ ಅದಕ್ಕೆ ಓಗೊಡಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಆ ಗಂಟೆ ಬಾರಿಸುವುದು ಎಲ್ಲಾದರೂ ಬೆಂಕಿ ಬಿದ್ದಾಗ ಮಾತ್ರ. ಹಿಂದೆ ಲಾಂಚು ನಡೆಸುವ ಒಯ್ವಾನ ಸೌನಾಕ್ಕೆ, ಅಂದರೆ ಉಗಿಸ್ನಾನದ ಮನೆಗೆ, ಬೆಂಕಿ ಹತ್ತಿದಾಗ ಹಾಗೆ ಬಾರಿಸಿದ್ದಳು.

ಜನವರಿಯಲ್ಲಿ ದಾರಿ ತೆರೆಯಿತು. ಆಚೆದಡಕ್ಕೆ ಮೊದಲ ಕಾರು ಹೊರಡುವ ಮುನ್ನ ಲೆಂಪಿ ಹೆಣಿಗೆಯ ಅಳತೆಪಟ್ಟಿ ತಂದು, ಓದುತ್ತ ಕೂತಿದ್ದ ಹಿಲ್ಕಾಳ ಹಣೆಯ ಸುತ್ತ ಬಿಗಿದಳು.

"ಏನತ್ತೆ ಇದು?"

"ಅಲ್ಲಾಡಬೇಡ. ಟೋಪಿ ಅಂಗಡಿಯೋನು ಈಗಲೇ ಹೇಳಿದ್ರೆ ಮಾತ್ರ ಹೊತ್ತಿಗೆ ಸರಿಯಾಗಿ ಕೊಡ್ತಾನೆ."

"ಪರೀಕ್ಷೆಯಾದ್ರೂ ಆಗ್ಲಿ! ನಪಾಸಾದ್ರೆ?"

"ನಪಾಸಾದ್ರೆ ಟೋಪೀಲಿ ಕೋಳಿಗೆ ಗೂಡು ಮಾಡ್ತೀನಿ. ಅಬ್ಬಾ, ಎಂಥಾ ತಲೆ! ಗೆಡ್ಡೆಕೋಸಿನ ಹಾಗಿದೆ."

ಟೋಪಿ ಬಂತು. ಲೆಂಪಿ ಅದನ್ನು ಡಬ್ಬದ ಸಮೇತ ಬಟ್ಟೆ ಬೀರುವಿನ ಮೇಲಿಟ್ಟಳು. ಪಾಸಾಗಿ, ಶಾಲೆಯ ಸಭೆಯಲ್ಲಿ ಎಲ್ಲರ ಜೊತೆ ಒಟ್ಟಿಗೆ ಹಾಕಿಕೊಳ್ಳುವ ತನಕ ಅದನ್ನು ತಲೆಗೆ ಮುಟ್ಟಿಸಬಾರದು ಎಂಬುದು ಅಲ್ಲಿಯ ಕಟ್ಟಳೆ. ಹಿಲ್ಕಾ ಓದಿ ದಣಿದು ಕತ್ತು ಮೇಲೆತ್ತಿದಾಗೆಲ್ಲ ಆ ಡಬ್ಬ ಕಣ್ಣಿಗೆ ಬೀಳುತ್ತಿತ್ತು. ಬಿದ್ದಾಗೆಲ್ಲ ಕತ್ತು ತಗ್ಗಿಸಿ ಇನ್ನೊಂದು ಪುಟ ತಿರುಗಿಸುತ್ತಿದ್ದಳು.

ಫೆಬ್ರವರಿಯಲ್ಲಿ ಸಂಜೆ ಶಾಲೆಯಲ್ಲಿ ಒಂದು ಪೂರ್ವಪರೀಕ್ಷೆ. ತೋಯ್ವಾನೆನ್ ಮೇಷ್ಟ್ರು ತಾವೇ ಒಂದು ಪ್ರಶ್ನೆ ಹೊಸೆದಿದ್ದರು. ಸರೋವರದ ಗಡ್ಡೆಯ ದಪ್ಪ ದಿನದಿನಕ್ಕೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಸೂತ್ರ ಕೊಟ್ಟು, ಅದು ಅತಿ ದಪ್ಪವಾಗುವುದು ಯಾವಾಗ ಎಂದು ಕೇಳಿದ್ದರು. ಹಿಲ್ಕಾಳಿಗೆ ಪ್ರಶ್ನೆ ನೋಡಿಯೇ ನಗು ಬಂತು. ಇದು ತನ್ನ ಅಂಗಳದ್ದು. ಬೆಳೆಯುವ ವೇಗವನ್ನು ಕಂಡುಹಿಡಿದಳು. ಬೆಳೆಯುವುದು ನಿಂತು, ಕರಗುವುದು ಇನ್ನೂ ಶುರುವಾಗದ ಆ ಒಂದು ಹೊತ್ತಿಗೆ ವೇಗ ಸೊನ್ನೆ. ಲೆಕ್ಕ ಮಾಡಿದಳು. ಏಪ್ರಿಲ್ ತಿಂಗಳ ಮೊದಲ ದಿನಗಳು ಎಂದು ಬಂತು. ಏಪ್ರಿಲ್ ಎಂದು ಕಂಡದ್ದೇ ಅವಳ ಕೈ ನಿಂತಿತು. ಎರಡು ಸಲ ಮರುಲೆಕ್ಕ ಮಾಡಿದಳು. ಅದೇ ಬಂತು. ಪೂರ್ತಿ ಹೊಡೆದುಹಾಕಿ 'ಫೆಬ್ರವರಿ ಕೊನೆ' ಎಂದು ಬರೆದಳು.

ಮುಂದಿನ ವಾರ ಮೇಷ್ಟ್ರು ಹಾಳೆ ಅವಳ ಮುಂದಿಟ್ಟರು. "ಸರಿಯಾದ ಉತ್ತರ ಬಂದಿತ್ತು. ಯಾಕೆ ಹೊಡೆದುಹಾಕಿದ್ರಿ?"

"ಏಪ್ರಿಲ್‌ನಲ್ಲಿ ನಮ್ಮ ಕಡೆ ಯಾರೂ ಐಸಿನ ಮೇಲೆ ಕಾಲಿಡಲ್ಲ ಮೇಷ್ಟ್ರೇ. ಫೆಬ್ರವರೀಲಿ ಲಾರಿನೇ ಹೋಗುತ್ತೆ."

"ಪ್ರಶ್ನೆ ಲಾರಿ ಕೇಳಿದ್ಯಾ?"

ಹಿಲ್ಕಾ ಹಾಳೆ ಎಳೆದುಕೊಂಡು ಪ್ರಶ್ನೆಯನ್ನು ಮತ್ತೆ ಓದಿದಳು.

"ದಪ್ಪ ಕೇಳಿದೆ. ಪೇಟೆ ಹುಡುಗರು ಐಸು ಗೊತ್ತಿಲ್ಲದೆ ಸರಿಯಾಗಿ ಬರೆದ್ರು. ನೀವು ಗೊತ್ತಿದ್ದು ತಪ್ಪಿದ್ರಿ. ಲೆಕ್ಕವನ್ನ ನಂಬಿ ಹಿಲ್ಕಾ. ಅಷ್ಟು ಚೆನ್ನಾಗಿ ಮಾಡಿ, ಕೊನೇಲಿ ಅದರ ಕೈ ಬಿಟ್ಟುಬಿಟ್ರಿ."

ಮನೆಗೆ ಬಂದವಳೇ ಅವಳು ತೌನೋನನ್ನು ದೋಣಿಮನೆಗೆ ಕರೆದೊಯ್ದು ಬಾಗಿಲ ಮುಂದೆ ನಿಲ್ಲಿಸಿದಳು. "ಯಾವಾಗ ದಪ್ಪ ಜಾಸ್ತಿ?"

ತೌನೋ ಅಪ್ಪನ ಕೈಬರಹದ ಸಾಲುಗಳ ಮೇಲೆ, ತನ್ನ ಸಾಲುಗಳ ಮೇಲೆ ಬೆರಳಾಡಿಸಿದ. ಬೆರಳು ಸಾಲಿನ ತುದಿಯ ಹತ್ತಿರ ಬಂದು ನಿಂತಿತು. "ದಾರಿ ಮುಚ್ಚೋ ಹೊತ್ತಿಗೆ. ಆಗಲೇ ದಪ್ಪ. ಆದ್ರೆ ಬಿಸಿಲಿಗೆ ಒಳಗೆಲ್ಲ ಸೂಜಿ ಸೂಜಿಯಾಗಿ ಸೀಳಿರುತ್ತೆ. ದಪ್ಪ ಇದ್ರೂ ಗಟ್ಟಿ ಇರಲ್ಲ."

"ದಪ್ಪ ಬೇರೆ, ಗಟ್ಟಿ ಬೇರೆ."

"ಹೌದು ಮತ್ತೆ. ಇದಕ್ಕಾ ಚಳೀಲಿ ಕರ್ಕೊಂಡು ಬಂದೆ?"

ಹಿಲ್ಕಾ ನಕ್ಕಳು. ಇಷ್ಟು ವರ್ಷ ಕಾಲಡಿಯಲ್ಲಿದ್ದ ಐಸಿನ ಬಗ್ಗೆ ತನ್ನ ಭಯವನ್ನೇ ತಿಳಿವಳಿಕೆ ಎಂದುಕೊಂಡಿದ್ದೆನಲ್ಲ ಎನಿಸಿತು. ಅಂದಿನಿಂದ ಅವಳು ಕೈಪಿಡಿಯ ಪ್ರತಿ ಲೆಕ್ಕದ ಕೆಳಗೂ, ಉತ್ತರ ಬರೆಯುವ ಮೊದಲು, ಪ್ರಶ್ನೆ ಏನು ಕೇಳಿದೆ ಎಂದು ಇನ್ನೊಮ್ಮೆ ಓದುವುದನ್ನು ರೂಢಿಸಿಕೊಂಡಳು. ಅವಳಿಗೂ ಆಶ್ಚರ್ಯವಾಗುವಂತೆ ಪುಟಗಳು ತಾವಾಗಿ ತಿರುಗತೊಡಗಿದವು. ಕಾಫಿಗೆ ಏಳುವುದು ಕಡಿಮೆಯಾಯಿತು.

"ಪುಸ್ತಕದೋನ ವ್ಯಾಪಾರ ಬಿದ್ದುಹೋಯ್ತು," ಎಂದಳು ಲೆಂಪಿ.

ಪರೀಕ್ಷೆಯ ಬೆಳಿಗ್ಗೆ ತೌನೋ ಕಾರು ಓಡಿಸಿದ. ಐಸಿನ ಮೇಲೆ ಹೋಗುವಾಗ ಅಲ್ಲಿ ಯಾರೂ ಸೀಟುಬೆಲ್ಟು ಹಾಕುವುದಿಲ್ಲ, ಬಾಗಿಲ ಚಿಲಕವನ್ನೂ ಬಿಗಿಯುವುದಿಲ್ಲ; ಗಡ್ಡೆ ಒಡೆದರೆ ತಕ್ಷಣ ಹೊರಬೀಳಬೇಕು. ಹಿಲ್ಕಾ ಬೆಲ್ಟಿನ ಬದಲು ಬುತ್ತಿಯ ಚೀಲವನ್ನು ಅಪ್ಪಿ ಹಿಡಿದಿದ್ದಳು: ಕರಿ ರೊಟ್ಟಿ, ಗಿಣ್ಣು, ಅನ್ನ ತುಂಬಿ ಲೆಂಪಿ ಒಲೆಯಲ್ಲಿ ಬೇಯಿಸಿದ ಕಡುಬು, ಫ್ಲಾಸ್ಕಿನಲ್ಲಿ ಕಾಫಿ. ಆಚೆದಡ ಮುಟ್ಟಿದ ಮೇಲೆ ತೌನೋ, "ಇವತ್ತು ಗಟ್ಟಿಯಾಗಿದೆ" ಎಂದ. ಐಸಿಗೆ ಹೇಳಿದನೋ ಅವಳಿಗೋ ತಿಳಿಯಲಿಲ್ಲ.

ಹದಿಹರೆಯದವರ ನಡುವೆ ಅವಳು ಕೂತಳು. ಕಲನದ ಪ್ರಶ್ನೆ ಬಂದಿತ್ತು: ಒಂದು ಉದ್ದನೆಯ ತಗಡಿನ ಎರಡು ಅಂಚನ್ನೂ ನೇರಕ್ಕೆ ಮೇಲೆ ಮಡಚಿ ತೊಟ್ಟಿ ಮಾಡಬೇಕು, ಅತಿ ಹೆಚ್ಚು ನೀರು ಹಿಡಿಯಬೇಕಾದರೆ ಎಷ್ಟೆಷ್ಟು ಮಡಚಬೇಕು? ಮಡಚುವ ಅಗಲ ಹೆಚ್ಚಿದಂತೆ ಹಿಡಿಯುವ ನೀರು ಎಷ್ಟು ವೇಗದಲ್ಲಿ ಹೆಚ್ಚುತ್ತದೆ ಎಂದು ಬರೆದಳು. ಆ ವೇಗ ಸೊನ್ನೆಯಾಗುವ ಕಡೆ ಹುಡುಕಿದಳು. ತಗಡಿನ ಅಗಲದ ಕಾಲುಭಾಗ ಈ ಕಡೆ, ಕಾಲುಭಾಗ ಆ ಕಡೆ, ಅರ್ಧ ತಳಕ್ಕೆ. ಅಗಲವಾದ, ಆಳವಿಲ್ಲದ ತೊಟ್ಟಿ.

ಇಂಥ ತೊಟ್ಟಿಯನ್ನು ಯಾವ ಹುಚ್ಚ ಮಾಡುತ್ತಾನೆ? ಹಸು ಮೊದಲು ಕಾಲಿಡುತ್ತದೆ, ಆಮೇಲೆ ಮೂತಿ. ಅವಳ ಪೆನ್ಸಿಲು ಹಾಳೆಯಿಂದ ಮೇಲೆದ್ದು ನಿಂತಿತು. ಆಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. ಅದರಲ್ಲಿ ಹಸುವಿರಲಿಲ್ಲ. ಪೆನ್ಸಿಲು ಇಳಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದಳು. ಕೊನೆಯ ಪ್ರಶ್ನೆ ಅವಳಿಗೆ ಬರಲಿಲ್ಲ. ಫ್ಲಾಸ್ಕು ತೆಗೆದು ಕಾಫಿ ಕುಡಿದಳು; ಆದರೂ ಬರಲಿಲ್ಲ. ಅದನ್ನು ಬಿಟ್ಟು ಮಿಕ್ಕದ್ದೆಲ್ಲ ಬರೆದು ಎದ್ದಳು.

ಆಮೇಲೆ ಗಡ್ಡೆ ಸಡಿಲಾಯಿತು, ದಾರಿ ಮುಚ್ಚಿತು, ದೋಣಿಗೂ ಅಲ್ಲದ ಗಾಡಿಗೂ ಅಲ್ಲದ ಕಾಲ ಬಂದು ಹೋಯಿತು. ಲಾಂಚು ಮತ್ತೆ ಓಡತೊಡಗಿತು. ಮೇ ತಿಂಗಳ ನಡುವಿನ ಒಂದು ದಿನ, ಊಟ ಮುಗಿದು ತುಂಬ ಹೊತ್ತಾದ ಮೇಲೆ, ಹಿಲ್ಕಾ ಮತ್ತು ತೌನೋ ಹೊಲದಲ್ಲಿ ಆಲೂಗೆಡ್ಡೆ ನೆಡುತ್ತಿದ್ದಾಗ ಅಂಗಳದ ಗಂಟೆ ಮೊಳಗಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗಂಟೆ ನಿಲ್ಲಲಿಲ್ಲ. ತೌನೋ ಗುದ್ದಲಿ ಬಿಸಾಕಿ ಓಡಿದ. ಹಿಲ್ಕಾ ಅವನ ಹಿಂದೆ. ಬೇಲಿಯಾಚೆಯ ಮನೆಗಳಿಂದಲೂ ಜನ ಬಕೆಟ್ಟು ಹಿಡಿದು ಓಡಿ ಬರುತ್ತಿದ್ದರು. ಲಾಂಚಿನ ಒಯ್ವಾ ಲಾಂಚನ್ನು ದಡಕ್ಕೆ ಕಟ್ಟಿ, ಕೊಡಲಿ ಒಂದು ಕೈಯಲ್ಲಿ, ಬಕೆಟ್ಟು ಇನ್ನೊಂದು ಕೈಯಲ್ಲಿ ಏದುತ್ತ ಬಂದ.

"ಎಲ್ಲಿ? ಎಲ್ಲಿ ಬಿದ್ದಿದೆ ಬೆಂಕಿ?"

ಲೆಂಪಿ ಕಂಬದ ಹಗ್ಗ ಇನ್ನೂ ಬಿಟ್ಟಿರಲಿಲ್ಲ. ತಲೆವಸ್ತ್ರ ಹೆಗಲಿಗೆ ಜಾರಿತ್ತು. "ಯಾವ ಬೆಂಕಿ? ಮೇಷ್ಟ್ರು ಫೋನ್ ಮಾಡಿದ್ರು. ಪಾಸಾಗಿದಾಳೆ!"

ಬಕೆಟ್ಟಿನ ನೀರು ತುಳುಕಿ ಒಯ್ವಾನ ಬೂಟಿನೊಳಗೆ ಇಳಿಯಿತು.

"ಲೆಂಪಿ ಚಿಕ್ಕಮ್ಮ," ಎಂದ ಅವನು, "ಇದಕ್ಕಾ ಲಾಂಚು ನಿಲ್ಸಿ ಬಂದೆ ನಾನು? ಆಚೆ ದಡದಲ್ಲಿ ಮೂರು ಕಾರು ಕಾಯ್ತಾ ಇವೆ!"

"ಕಾಯ್ಲಿ. ನಾವು ಎಷ್ಟು ವರ್ಷ ಕಾದಿಲ್ಲ?"

ಹಿಲ್ಕಾ ಬೇಲಿಗೊರಗಿ ನಿಂತಿದ್ದಳು. ಮಣ್ಣಾದ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಆದರೆ ತಲೆ ತಗ್ಗಲಿಲ್ಲ. ಒಯ್ವಾ ಬೂಟು ಬಿಚ್ಚಿ ನೀರು ಸುರಿಯುತ್ತ ಅವಳ ಕಡೆ ನೋಡಿದ.

"ಯಾವುದು ಪಾಸಾದದ್ದು? ಗಿಡ್ಡದ್ದಾ?"

ಉತ್ತರ ಕೊಡಲು ಲೆಂಪಿ ಬಾಯಿ ತೆರೆದಳು. ಆದರೆ ಅವಳಿಗಿಂತ ಮೊದಲು ಮಾತಾಡಿದ್ದು ತೌನೋ. ಯಾರನ್ನೂ ಎಂದೂ ಹೊಗಳದವನು, ಒಳ್ಳೆಯ ಬೆಳೆಗೂ 'ಪರವಾಗಿಲ್ಲ' ಎನ್ನುವವನು.

"ಉದ್ದದ್ದು," ಎಂದ. ಬೇಲಿಯ ತುದಿಯಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿ.

ಜನ ಬಕೆಟ್ಟುಗಳನ್ನು ಜಗಲಿಯ ಉದ್ದಕ್ಕೂ ಇಟ್ಟು ಒಳಗೆ ಬಂದರು. ಹೊಸ ಡಬ್ಬ ಒಡೆದು ಲೆಂಪಿ ದೊಡ್ಡ ಪಾತ್ರೆಯಲ್ಲಿ ಕಾಫಿಗಿಟ್ಟಳು. ಬೀರುವಿನ ಮೇಲಿನ ಡಬ್ಬ ಕೆಳಗಿಳಿಯಿತು. ಮುಚ್ಚಳ ತೆಗೆದು ಎಲ್ಲರಿಗೂ ಬಿಳಿ ಟೋಪಿ ತೋರಿಸಿದ್ದಾಯಿತು. ಹಾಕಿಕೋ ಎಂದು ಒಯ್ವಾ ಎಷ್ಟು ಹೇಳಿದರೂ ಹಿಲ್ಕಾ ಕೇಳಲಿಲ್ಲ.

"ಶಾಲೆ ಸಭೆ ಬರ್ಲಿ. ಎಲ್ಲರ ಜೊತೆ ಹಾಕ್ಕೋತೀನಿ."

"ಹೋಗ್ಲಿ, ಆ ಕಲನ ಅಂದ್ರೆ ಏನು ಅಂತಾದ್ರೂ ಹೇಳು. ಬೂಟು ಒದ್ದೆ ಮಾಡ್ಕೊಂಡಿದೀನಿ, ಅಷ್ಟಾದ್ರೂ ಸಿಗ್ಲಿ."

ಹಿಲ್ಕಾ ಕೈ ತೊಳೆದು ಬಂದು ಹಸಿರು ಕೈಪಿಡಿಯನ್ನು ಅವನ ಮುಂದಿಟ್ಟಳು. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿ, ಕಾಫಿ ಪಾತ್ರೆ ಎತ್ತಿ ಅವನ ಲೋಟಕ್ಕೆ ನಿಧಾನವಾಗಿ ಬಗ್ಗಿಸತೊಡಗಿದಳು.

"ಲೋಟ ನೋಡ್ತಾ ಇರು ಒಯ್ವಾ. ಎಷ್ಟು ತುಂಬಿದೆ ಅಂತ ಕೇಳಲ್ಲ ನಾನು. ಈಗ, ಈ ಹೊತ್ತಲ್ಲಿ, ಎಷ್ಟು ಜೋರಾಗಿ ತುಂಬ್ತಾ ಇದೆ, ಹೇಳು."

ಒಯ್ವಾ ಬಾಗಿ ನೋಡಿದ. ಅವನ ಪಕ್ಕದವರೂ ಬಾಗಿದರು. ಆಚೆದಡದಲ್ಲಿ ಕಾರಿನವರು ಹಾರ್ನ್ ಬಾರಿಸುತ್ತಿದ್ದರು. ಆ ಅಡುಗೆಮನೆಯಲ್ಲಿ ಯಾರೂ ಎದ್ದೇಳಲಿಲ್ಲ.